ಸಿಂಗಾರದ ಹೂವು ಬೀಳುವ ತನಕ

ಮೊನ್ನೆ ಮನೆಯಲ್ಲಿ ಪೂಜೆ ಇಟ್ಟುಕೊಂಡಾಗ ಯಾರೋ ಒಂದು ಇಡೀ ಸಿಂಗಾರ ತಂದು ನನ್ನ ಪಕ್ಕದಲ್ಲಿ ಇಟ್ಟುಹೋದರು. ಅಡಿಕೆಯ ಹೂಗೊನೆಯನ್ನೇ ನಮ್ಮ ಕಡೆ ಸಿಂಗಾರ ಎನ್ನುವುದು. ಹೊದಿಕೆಯ ಹಾಳೆ ಬಿಚ್ಚಿದ ಕೂಡಲೆ ಬರುವ ಅದರ ವಾಸನೆ ಹಸಿ ಅಕ್ಕಿಹಿಟ್ಟಿಗೆ ಜೇನು ಕಲಸಿದ ಹಾಗೆ ಇರುತ್ತದೆ. ನೀವೆಲ್ಲ ಮೂಗು ಹತ್ತಿರ ತಂದು ಎಷ್ಟು ಪರಿಮಳ ಎಂದಿರಿ. ನಾನು ಎದ್ದು ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತೆ. ಅಜ್ಜಿಗೆ ಎಂತ ಆತು ಎಂದು ನಿಮ್ಮಲ್ಲೊಬ್ಬರು ಕೇಳಿದಿರಿ. ಸೆಕೆ ಎಂದೆ. ಸೆಕೆ ಅಲ್ಲ ಮಕ್ಕಳೇ. ಆ ವಾಸನೆ ಬಂದರೆ ಈ ವಯಸ್ಸಿನಲ್ಲೂ ನನ್ನ ಕೈಕಾಲು ತಣ್ಣಗಾಗುತ್ತವೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಿಮ್ಮ ಅಜ್ಜ ಇದ್ದಾಗ ಅವರಿಗೂ ಪೂರ್ತಿ ಹೇಳಿದ್ದಿಲ್ಲ. ನಾಲ್ಕನೇ ಇಯತ್ತೆಯ ತನಕ ಕಲಿತ ಅಕ್ಷರದಲ್ಲಿ ಬರೆದಿಡುತ್ತೇನೆ, ನಿಧಾನಕ್ಕೆ ಓದಿ.

ಮಿರ್ಜಾನದ ಹತ್ತಿರ, ಅಘನಾಶಿನಿ ಹೊಳೆಯ ದಂಡೆಯಲ್ಲೇ ನಮ್ಮ ಮನೆ ಇತ್ತು. ಅಂಗಳದ ಆಚೆ ಗಜನಿ, ಅಂದರೆ ಉಪ್ಪುನೀರು ನುಗ್ಗಿ ಇಳಿಯುವ ಗದ್ದೆ. ಭರತ ಬಂದಾಗ ಹೊಳೆ ಮನೆಯ ಮಾತು ಕೇಳಲು ಬಂದಷ್ಟು ಹತ್ತಿರ ಬರುತ್ತಿತ್ತು. ಇಳಿತ ಆದಾಗ ಕೆಸರು, ಸತ್ತ ಏಡಿ, ಬೆಳಚಿನ ಚಿಪ್ಪು ಇವುಗಳ ವಾಸನೆ ಬಿಟ್ಟು ದೂರ ಹೋಗುತ್ತಿತ್ತು. ಮನೆಯಲ್ಲಿ ಅಪ್ಪ, ನಾವು ಆಯಿ ಎಂದು ಕರೆಯುತ್ತಿದ್ದ ನಮ್ಮ ತಾಯಿ, ಅಪ್ಪನ ತಾಯಿಯಾದ ಅಜ್ಜಿ, ನಾನು, ನನ್ನ ತಂಗಿ ಮಾದೇವಿ. ಅವಳನ್ನು ಎಲ್ಲರೂ ಮಾದಿ ಎನ್ನುತ್ತಿದ್ದರು. ನಾನು ಬಂದವರ ಕಣ್ಣಿಗೆ ಬೀಳದ ಹಾಗೆ ಬಾಗಿಲ ಹಿಂದೆ ನಿಲ್ಲುವವಳು, ಅವಳು ಬಂದವರ ತೊಡೆ ಏರುವವಳು. "ಇದರ ಬಾಯಿಗೆ ಬೀಗ ಮಾಡುವ ಆಚಾರಿ ಇನ್ನೂ ಹುಟ್ಟಲಿಲ್ಲ," ಎಂದು ಅಜ್ಜಿ ಬೈದರೆ, "ನಿನ್ನ ಬಾಯಿಗೆ ಮಾಡಿದ್ನೇ ಅಜ್ಜಿ?" ಎಂದು ಕೇಳುತ್ತಿದ್ದಳು. ಅಜ್ಜಿ ಹೊಡೆಯಲು ಕೈ ಎತ್ತಿ, ಅದೇ ಕೈಯಲ್ಲಿ ಅವಳನ್ನು ಎಳೆದುಕೊಂಡು ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಅಜ್ಜಿಗೆ ಮಾದಿಯ ಮೇಲೆ ಪ್ರೀತಿ ಕಡಿಮೆ ಇತ್ತು ಎಂದು ಮಾತ್ರ ತಿಳಿಯಬೇಡಿ. ಅದಕ್ಕೇ ಇದನ್ನು ಮೊದಲೇ ಬರೆದೆ.

ಅದು ಯುದ್ಧದ ಕಾಲ. ಸಕ್ಕರೆ, ಸೀಮೆಎಣ್ಣೆ ಯಾವುದೂ ಸರಿಯಾಗಿ ಸಿಗುತ್ತಿರಲಿಲ್ಲ. ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಮಾದಿಗೆ ಚಳಿಜ್ವರ ಬಂತು. ಚಳಿಜ್ವರ ನಮ್ಮ ಕಡೆ ಹೊಸದಲ್ಲ. ದೊಡ್ಡವರು ಕಂಬಳಿ ಹೊದ್ದು ನಡುಗಿ, ಬಿಟ್ಟಮೇಲೆ ಎದ್ದು ಗದ್ದೆಗೆ ಹೋಗುತ್ತಿದ್ದರು. ಮಾದಿಗೆ ಬಿಡಲಿಲ್ಲ. ಮಾತು ಕಡಿಮೆಯಾಯಿತು, ಕಣ್ಣಿನ ಬಿಳಿ ಹಳದಿಯಾಯಿತು. ಅಜ್ಜಿ ಕಷಾಯ ಕುಡಿಸಿದಳು. ಗುನಗಜ್ಜನ ಹತ್ತಿರದಿಂದ ದೇವರ ಅಂಗಾರ ತಂದು ಹಣೆಗೆ ಹಚ್ಚಿದಳು, ಮಂತ್ರಿಸಿದ ಕಪ್ಪು ದಾರವನ್ನು ಕುತ್ತಿಗೆಗೆ ಕಟ್ಟಿಸಿದಳು. ಊರ ದೇವರ ಪೂಜೆ ಮಾಡುವವರನ್ನು ನಮ್ಮಲ್ಲಿ ಗುನಗ ಎನ್ನುತ್ತಾರೆ. ನಮ್ಮ ಕೇರಿಯ ಜಟಗ ದೇವರಿಗೆ ಈ ಅಜ್ಜ ಪೂಜೆ ಮಾಡುತ್ತಿದ್ದರು. ಬಡಕಲು ಮನುಷ್ಯ, ಮೆತ್ತಗಿನ ಮಾತು. ದಾರ ಕಟ್ಟಿದ ಮೇಲೆ ಕೂಸು ದೇವರ ಕೈಯಲ್ಲಿದೆ ಎಂದು ಲೆಕ್ಕ. ಆಮೇಲೆ ಬೇರೆ ಔಷಧ ಕೊಡಬೇಕಾದರೆ ದೇವರನ್ನು ಕೇಳಿಯೇ ಕೊಡಬೇಕು. ಕೇಳದೆ ಕೊಟ್ಟರೆ ಔಷಧವೇ ವಿಷವಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ಮಾದಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದು ನೆಲಕ್ಕೆ ಬಡಿದುಕೊಂಡವು, ಬಾಯಿಂದ ಗಂಜಿ ನೊರೆಯಾಗಿ ಹೊರಗೆ ಬಂತು. ನಾನು ಅಕ್ಕಿಯ ಕಣಜದ ಹಿಂದೆ ಓಡಿ ನಿಂತೆ. ನಮ್ಮ ಮಾದಿಯ ಒಳಗೆ ಬೇರೆ ಯಾರೋ ಹೊಕ್ಕು ಅವಳನ್ನು ಬಡಿಯುತ್ತಿದ್ದಾರೆ ಎಂದೇ ನನಗೆ ಕಂಡಿತು. ಅಜ್ಜಿಗೂ ಹಾಗೆಯೇ ಕಂಡಿರಬೇಕು. "ಇದು ಜ್ವರ ಅಲ್ಲವೇ ಅಲ್ಲ. ಗಾಳಿ ಸೋಕಿದ್ದು," ಎಂದಳು. ಆಗಲೇ ಶಾಲೆಯ ಮಾಸ್ತರರು ಬಂದರು. ಅಪ್ಪ ಅವರಿಗೆ ಹಿಂದಿನ ದಿನ ಹೇಳಿಕಳಿಸಿದ್ದರು. ಮಾಸ್ತರರು ಕಾಗದದ ಪೊಟ್ಟಣ ತೆಗೆದು, "ಕ್ವಿನೈನು. ಅರೆದು ಜೇನಿನಲ್ಲಿ ಕೊಡಿ. ಆದರೆ ಇಷ್ಟರಿಂದ ಆಗುವ ಹಾಗೆ ಕಾಣೂದಿಲ್ಲ. ಈಗಿಂದೀಗ ಹೊಳೆ ದಾಟಿಸಿ ಕುಮಟೆಯ ದವಾಖಾನೆಗೆ ಒಯ್ಯಿರಿ," ಎಂದರು.

"ಮಾಸ್ತರೇ, ನಿಮ್ಮ ಪುಸ್ತಕ ನಮ್ಮ ಜಟಗನಿಗೆ ಓದಲಿಕ್ಕೆ ಬರೂದಿಲ್ಲ," ಎಂದಳು ಅಜ್ಜಿ.

ಮಾಸ್ತರರು ಮುಖ ಕೆಂಪಗೆ ಮಾಡಿಕೊಂಡು ಪೊಟ್ಟಣವನ್ನು ಆಯಿಯ ಕೈಗಿಟ್ಟು ಮಳೆಯಲ್ಲೇ ಹೋದರು. ಆಯಿ ಅದನ್ನು ಬಿಚ್ಚಲಿಲ್ಲ. ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಅಪ್ಪ ಅತ್ತ ಅಜ್ಜಿಯ ಮುಖ, ಇತ್ತ ಕೂಸಿನ ಮುಖ ನೋಡಿ, ಜಟಗನನ್ನು ಕೇಳಿಯೇ ಕುಮಟೆಗೆ ಹೋಗೋಣ, ಹೇಗೂ ತಾರಿಯ ದಾರಿಯಲ್ಲೇ ಗುಡಿ ಎಂದರು. ತಾರಿ ಎಂದರೆ ಹೊಳೆ ದಾಟಿಸುವ ದೋಣಿ. ದೋಣಿ ತಡೆದು ನಿಲ್ಲಿಸಲು ಅಂಬಿಗನಿಗೆ ಹೇಳಿ ಬಂದರು.

ಗುಡಿ ಎಂದರೆ ಗೋಡೆ ಇಲ್ಲ, ದೊಡ್ಡ ಮರದ ಕೆಳಗೆ ತೆಂಗಿನ ಮಡಲಿನ ಚಪ್ಪರ, ಅದರ ಕೆಳಗೆ ಮುಖವಿಲ್ಲದ ಒಂದು ಕಪ್ಪು ಕಲ್ಲು. ಮುಖ ಇಲ್ಲದ್ದರಿಂದಲೇ ನನಗೆ ಅದರ ಹೆದರಿಕೆ. ಎತ್ತ ನೋಡುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಗುನಗಜ್ಜ ಆ ವರ್ಷದ ಕೊನೆಯ ಸಿಂಗಾರದಿಂದ ಹೂ ಬಿಡಿಸಿ, ನೀರಿನಲ್ಲಿ ಅದ್ದಿ, ಕಲ್ಲಿನ ಬಲಕ್ಕೊಂದು ಎಡಕ್ಕೊಂದು ಅಂಟಿಸಿದರು. ಕೂಸನ್ನು ಡಾಕ್ಟರರಿಗೆ ತೋರಿಸಬಹುದಾದರೆ ಬಲಕ್ಕೆ ಕೊಡು, ಬೇಡವಾದರೆ ಎಡಕ್ಕೆ ಕೊಡು ಎಂದು ಕೇಳಿಕೊಂಡರು. ಹೂವು ಒಣಗಿ ಬೀಳಬೇಕು. ಯಾವ ಕಡೆಯದು ಮೊದಲು ಬೀಳುತ್ತದೋ ಅದು ದೇವರ ಮಾತು. ಬೇಸಿಗೆಯಲ್ಲಾದರೆ ಎಲೆ ಅಡಿಕೆ ಹಾಕುವಷ್ಟರಲ್ಲಿ ಬೀಳುತ್ತಿತ್ತು. ಅವತ್ತು ಗಾಳಿಯೆಲ್ಲ ನೀರು. ಕಲ್ಲು ಬೆವರಿದ ಹಾಗೆ ಒದ್ದೆ ಇತ್ತು. ಎರಡು ಹೂವೂ ಕಚ್ಚಿಕೊಂಡು ಕೂತವು. ಸಿಂಗಾರದ ವಾಸನೆ ಆ ತಗ್ಗು ಚಪ್ಪರದ ಕೆಳಗೆ ಹೋಗಲು ದಾರಿ ಇಲ್ಲದೆ ನಿಂತುಬಿಟ್ಟಿತ್ತು. ಆಯಿ ಮಾದಿಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಾನು ಆಯಿಯ ಬೆನ್ನಿಗೆ ಅಂಟಿ ಕೂತು, ಬಲ ಬಲ ಬಲ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಎಡಗಡೆಯ ಹೂವನ್ನು ನೋಡಿದರೆ ಅದೇ ಬಿದ್ದೀತು ಎಂದು ಆ ಕಡೆ ಕಣ್ಣು ಹಾಕಲಿಲ್ಲ.

"ಹೋಯ್, ಬತ್ರೋ ಇಲ್ಲವೋ? ಇಳಿತ ಸುರುವಾತು!" ಹೊಳೆಯ ಕಡೆಯಿಂದ ಅಂಬಿಗ ಕೂಗಿದ.

ಅಪ್ಪ ಎದ್ದರು. ಅಜ್ಜಿ ಅವರ ಪಂಚೆಯ ತುದಿ ಹಿಡಿದಳು. "ಅರ್ಧ ಕೇಳಿ ಎದ್ದು ಹೋದರೆ ಏನಾತದೆ ಗೊತ್ತುಂಟಲ್ಲ ನಿಂಗೆ? ಕೂತ್ಕೋ." ಅದು ಹಟದ ದನಿ ಅಲ್ಲ, ಹೆದರಿದವಳ ದನಿ ಎಂದು ಈಗ ತಿಳಿಯುತ್ತದೆ. ಅಪ್ಪ ಕೂತರು. ಅಂಬಿಗ ಮತ್ತೆ ಕೂಗಿದ. ಆಮೇಲೆ ಕೂಗಲಿಲ್ಲ. ಇಳಿತವಾದರೆ ದೋಣಿ ಕೆಸರಿನಲ್ಲಿ ಹುಗಿಯುತ್ತದೆ, ಭರತ ಬರುವ ತನಕ ಹೊಳೆ ದಾಟುವ ಹಾಗಿಲ್ಲ. ಮಾದಿಗೆ ಮತ್ತೊಮ್ಮೆ ಸೆಟೆತ ಬಂತು, ಹೋಯಿತು. ಅವಳ ಉಸಿರು ಮಾತ್ರ ಕೇಳುತ್ತಿತ್ತು, ಒಣ ಎಲೆ ಎಳೆದ ಹಾಗೆ. ಸ್ವಲ್ಪ ಹೊತ್ತಿಗೆ ಅದೂ ಕೇಳಲಿಲ್ಲ. ನಿದ್ದೆ ಬಂತು ಎಂದುಕೊಂಡು ನನಗೆ ಸಮಾಧಾನವಾಯಿತು. ಆಯಿ ಅಳಲಿಲ್ಲ, ಯಾರಿಗೂ ಹೇಳಲಿಲ್ಲ. ಕಂಬಳಿಯ ಅಂಚನ್ನು ಕೂಸಿನ ಕಿವಿಯ ಮೇಲೆ ಎಳೆದು ಸರಿಮಾಡಿದಳು. ಗುನಗಜ್ಜನೇ ಬಂದು ಬಗ್ಗಿ ನೋಡಿದರು. ನೋಡಿ, ತಿರುಗಿ ಹೋಗಿ, ಕಲ್ಲಿಗೆ ಅಂಟಿದ್ದ ಹೂವು ಎರಡನ್ನೂ ಕೈಯಿಂದಲೇ ಕಿತ್ತು ತೆಗೆದರು.

ಆ ಹೊತ್ತಿನ ಹೆದರಿಕೆಯನ್ನು ನಿಮಗೆ ಹೇಗೆ ತಿಳಿಸಲಿ? ಮಾದಿ ಸತ್ತಳು ಎಂಬುದು ನನಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಆದರೆ ಆ ಹೂವನ್ನು ಮನುಷ್ಯರ ಕೈಯಲ್ಲಿ ತೆಗೆಯಲು ಬರುತ್ತದೆ ಎಂಬುದು ತಿಳಿಯಿತು. ಗುನಗಜ್ಜನ ಎರಡು ಬೆರಳಿಗೆ ಅದು ಸುಲಭವಾಗಿ ಬಂತು. ಅಷ್ಟೂ ಹೊತ್ತು ನಾವು ಅಷ್ಟು ಜನ ಅದನ್ನೇ ನೋಡುತ್ತ ಕೂತಿದ್ದೆವು.

ಶ್ರಾವಣದಲ್ಲಿ ನನಗೆ ಚಳಿ ಬಂತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ದಾರ ಕಟ್ಟಿಸುತ್ತಾರೆ, ಆಮೇಲೆ ಆ ಕಲ್ಲಿನ ಎದುರು ಕೂರಿಸುತ್ತಾರೆ. ಹಲ್ಲು ಕಟಕಟ ಎನ್ನದ ಹಾಗೆ ಸೆರಗಿಲ್ಲದ ಹುಡುಗಿ ಲಂಗದ ತುದಿಯನ್ನೇ ಬಾಯಲ್ಲಿ ತುರುಕಿಕೊಂಡು ಒಲೆಯ ಮುಂದೆ ಕೂತೆ. ಅಕ್ಕಿ ಆರಿಸುವ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಎದ್ದು ಬಂದು ಹಣೆಯ ಮೇಲೆ ಅಂಗೈ ಇಟ್ಟಳು. ಇನ್ನು ಗುನಗಜ್ಜನನ್ನು ಕರೆಸುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ.

"ಮಾಸ್ತರರು ಕೊಟ್ಟದ್ದು ಎಲ್ಲಿಟ್ಟಿದ್ಯೇ?" ಎಂದು ಅಜ್ಜಿ ಆಯಿಯನ್ನು ಕೇಳಿದಳು.

ಆ ದಿನದ ನಂತರ ಅತ್ತೆ ಸೊಸೆ ನಡುವೆ ಮಾತೇ ಇರಲಿಲ್ಲ. ಆಯಿ ಎದ್ದು ಹೋಗಿ ಕಾಗದದ ಪೊಟ್ಟಣ ತಂದಳು. ಅಜ್ಜಿಯೇ ಅದನ್ನು ಅರೆದಳು. ಕಹಿಗೆ ನಾನು ಉಗುಳಲು ಹೋದಾಗ ಮೂಗು ಒತ್ತಿಹಿಡಿದು, "ನುಂಗು, ನುಂಗೇ ಮಗಾ," ಎಂದಳು. ಅಪ್ಪ ಬಾಗಿಲಲ್ಲಿ ನಿಂತು, "ಅಬ್ಬೇ, ಒಂದು ಮಾತು ಜಟಗನ್ನ ಕೇಳಿ..." ಎನ್ನುವಷ್ಟರಲ್ಲಿ ಅಜ್ಜಿ ಅವರ ಕಡೆ ತಿರುಗದೆಯೇ ಹೇಳಿದಳು: "ಕೇಳೂದು ಎಂತದೂ ಇಲ್ಲ. ತಾರಿಗೆ ಕೂಗು."

ದೋಣಿಯಲ್ಲಿ ಅಜ್ಜಿ ನನ್ನನ್ನು ಮಡಿಲಲ್ಲಿ ಒತ್ತಿಕೊಂಡು ಕೂತಿದ್ದಳು. ದಂಡೆ ಬಿಟ್ಟು ಸ್ವಲ್ಪ ದೂರ ಹೋದರೆ ಜಟಗನ ಮರ ಕಾಣುತ್ತದೆ. ದೋಣಿಯಲ್ಲಿದ್ದವರೆಲ್ಲ ಆ ಕಡೆ ತಿರುಗಿ ಕೈಮುಗಿದರು. ಅಂಬಿಗನೂ ಹುಟ್ಟು ನಿಲ್ಲಿಸಿ ತಲೆಬಾಗಿದ. ಅಜ್ಜಿ ಕೈಮುಗಿಯಲಿಲ್ಲ, ಅವಳ ಎರಡೂ ಕೈ ನನ್ನ ಸುತ್ತ ಬಿಗಿದಿದ್ದವು. ಜ್ವರಕ್ಕಿಂತ ಹೆಚ್ಚಾಗಿ ನನಗೆ ಅದರ ಹೆದರಿಕೆಯಾಯಿತು. ಜಟಗನಿಗೆ ಅಜ್ಜಿಯ ಮೇಲೆ ಸಿಟ್ಟು ಬರದಿರಲಿ ಎಂದು, ಅವಳ ಪಾಲಿನದನ್ನೂ ಸೇರಿಸಿ ನಾನೇ ಕಂಬಳಿಯೊಳಗೆ ಕೈಮುಗಿದೆ.

ಕುಮಟೆಯಲ್ಲಿ ಔಷಧ ಕೊಟ್ಟರು, ಬದುಕಿದೆ. ಮನೆಗೆ ಬಂದಮೇಲೆ ಜಟಗನನ್ನು ಕೇಳದೆ ಹೋದ ಮಾತನ್ನು ಯಾರೂ ಎತ್ತಲಿಲ್ಲ. ಆ ಮನೆ ಈಗ ಇಲ್ಲ, ಗಜನಿಯ ಮಣ್ಣಿನ ಕಟ್ಟೆ ಒಡೆದು ಉಪ್ಪುನೀರು ಅಂಗಳದ ತನಕ ಬಂದಿದೆಯಂತೆ. ಮಾದಿಯ ಪಟ ಇಲ್ಲ. ಅವಳ ಮುಖ ನೋಡಿದವರಲ್ಲಿ ಉಳಿದವಳು ನಾನೊಬ್ಬಳೇ. ಅಜ್ಜಿ ಸಾಯುವ ತನಕವೂ ಜಟಗನಿಗೆ ದೀಪ ಹಚ್ಚುವುದನ್ನು ಬಿಡಲಿಲ್ಲ. ಎಷ್ಟೋ ಸಂಜೆ ನಾನೂ ಅವಳ ಜೊತೆ ಹೋಗಿದ್ದೇನೆ. ಎಣ್ಣೆ ಹಾಕುವಳು, ಬತ್ತಿ ಸರಿಮಾಡುವಳು, ಗಾಳಿಗೆ ಆರದ ಹಾಗೆ ಅಂಗೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ಕೂರುವಳು. ಏನನ್ನೂ ಕೇಳುತ್ತಿರಲಿಲ್ಲ.