ಇನ್ನಾಲ್ಕಕ್ಕ ನಡೆಸುವ ದಾರಿ

ಬೆಳಗಿನ ಐದೂವರೆ. ಮೂಳೆ ವಾರ್ಡಿನ ಉದ್ದನೆಯ ಕಾರಿಡಾರಿನಲ್ಲಿ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ, ಇನ್ನೊಂದು ಉರಿಯಲೋ ಬೇಡವೋ ಎಂದು ಮಿಣುಕುತ್ತಿದೆ. ನೆಲ ಒರೆಸುವವರು ಈಗಷ್ಟೇ ಬಕೆಟ್ ಎತ್ತಿಕೊಂಡು ಹೋಗಿದ್ದಾರೆ. ಅವರ ಬೆನ್ನಿಗೇ ಗಿಡ್ಡ ಮೈಕಟ್ಟಿನ ಹೆಂಗಸೊಬ್ಬರು ಒಣಬಟ್ಟೆ ಹಿಡಿದು, ಮಂಡಿಯೂರಿ, ಅದೇ ನೆಲವನ್ನು ಮತ್ತೊಮ್ಮೆ ಒರೆಸುತ್ತ ಬರುತ್ತಾರೆ. ಒಂದು ಹಾಸುಗಲ್ಲು ಒರೆಸುವುದು, ಅಂಗೈ ಊರಿ ನೋಡುವುದು, ಮುಂದಿನ ಕಲ್ಲಿಗೆ ಸರಿಯುವುದು. "ನಮ್ಮ ಜನ ಕಾಲು ಸೋತು ಬೀಳೋದು ಕಮ್ಮಿ. ನೆಲ ಒದ್ದೆ ಇದ್ದು ಬೀಳೋದೇ ಜಾಸ್ತಿ," ಎನ್ನುತ್ತಾರೆ, ತಲೆ ಎತ್ತದೆ.

ಒರೆಸಿದ್ದಾದ ಮೇಲೆ ಕೋಟಿನ ಜೇಬಿನಿಂದ ಸೀಮೆಸುಣ್ಣ ಹೊರಬರುತ್ತದೆ. ಗೋಡೆಯ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಗೆರೆ, ಪ್ರತಿ ಗೆರೆಯ ಪಕ್ಕ ಒಂದು ಹಾಸಿಗೆಯ ನಂಬರು. ಅದು ಆ ಹಾಸಿಗೆಯವರು ಇಂದು ತಲುಪಬೇಕಾದ ಜಾಗ.

ಆರು ಗಂಟೆಗೆ ಮೊದಲ ನಡಿಗೆ. ವಾರ್ಡಿನ ಬಾಗಿಲಲ್ಲಿ ವಾಕರ್ ಹಿಡಿದು ನಿಂತವರು ಬೇಕರಿಯೊಂದರ ಯಜಮಾನರು. ಮೆಟ್ಟಿಲಿನಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡವರು. ಆಪರೇಷನ್ ಆಗಿ, ನಡೆಯಲು ಶುರುಮಾಡಿ ಇಂದಿಗೆ ಐದನೇ ದಿನ.

"ನಿನ್ನೆ ಎಷ್ಟು ಕಲ್ಲು?"

"ಹದಿನೆಂಟು."

"ಇವತ್ತು?"

"ನಿನ್ನೆಯಷ್ಟೇ ಇರಲಿ ಅಕ್ಕ. ಯಾಕೋ ನಿದ್ದೆ ಸರಿಯಾಗಿಲ್ಲ."

"ಇನ್ನು ನಾಲ್ಕು."

"ಎರಡು?"

"ಚೌಕಾಸಿ ಮಾಡಕ್ಕೆ ಇದೇನು ನಿಮ್ಮ ಬೇಕರಿನಾ? ಇನ್ನು ನಾಲ್ಕು. ಹೊರಡಿ. ಮೊದಲು ವಾಕರ್, ಆಮೇಲೆ ನೋವಿನ ಕಾಲು, ಆಮೇಲೆ ಒಳ್ಳೇ ಕಾಲು."

ಯಜಮಾನರು ಹಲ್ಲು ಕಚ್ಚಿ ಹೊರಡುತ್ತಾರೆ. ಹಿಂದೆ ಗಾಲಿಕುರ್ಚಿ ತಳ್ಳಿಕೊಂಡು ಆಕೆ. ಇಪ್ಪತ್ತೆರಡನೇ ಕಲ್ಲಿನಲ್ಲಿ ಕುರ್ಚಿ ಮುಂದಕ್ಕೆ ಬರುತ್ತದೆ. ವಾಪಸು ಬರುವುದು ಕೂತುಕೊಂಡೇ.

ಹೀಗೆ ಬೆಳಗಿನಿಂದ ಮಧ್ಯಾಹ್ನದೊಳಗೆ ಹತ್ತು ಹನ್ನೊಂದು ಜನ. ಇಪ್ಪತ್ತನಾಲ್ಕು ವರ್ಷದಿಂದ ಇದೇ ಕೆಲಸ. ದಿನಕ್ಕೆ ನೂರು ಸಲ "ಇನ್ನು ನಾಲ್ಕು" ಎಂದು ಹೇಳಿ ಹೇಳಿ ಆಕೆಯ ಹೆಸರೇ ಇನ್ನಾಲ್ಕಕ್ಕ ಎಂದಾಗಿಬಿಟ್ಟಿದೆ. ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಾರೆ, ಕ್ಯಾಂಟೀನಿನವರೂ ಹಾಗೇ. ಬೇರೆ ವಾರ್ಡಿನಲ್ಲಿ 'ಎಷ್ಟು ಕಲ್ಲು' ಎಂದರೆ ಮೂತ್ರಪಿಂಡದ ಮಾತು, ಇಲ್ಲಿ ಮಾತ್ರ ನೆಲದ ಮಾತು ಎನ್ನುವುದು ಆಸ್ಪತ್ರೆಯ ಹಳೇ ತಮಾಷೆ.

ಯಾರು ಎಷ್ಟರಿಂದ ಶುರುಮಾಡಬೇಕು, ದಿನಕ್ಕೆ ಎಷ್ಟು ಏರಿಸಬೇಕು ಎಂದು ನಿರ್ಧರಿಸುವವರು ಫಿಸಿಯೋಥೆರಪಿ ಮೇಡಂ. ಅವರು ಎರಡು ಅಂಕಿ ಹೇಳಿ ಮುಂದಿನ ವಾರ್ಡಿಗೆ ಹೋಗುತ್ತಾರೆ. ಆ ಎರಡು ಅಂಕಿ ಸಿಕ್ಕರೆ ಇನ್ನಾಲ್ಕಕ್ಕನಿಗೆ ಎಲ್ಲ ಸಿಕ್ಕಂತೆ. ಆಕೆಯ ಪುಟ್ಟ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದೇ ಸಾಲು: ಮೊದಲ ದಿನದ ಕಲ್ಲು, ದಿನದ ಏರಿಕೆ. 'ಹನ್ನೆರಡನೇ ದಿನ ನಾನು ಎಲ್ಲಿರ್ತೀನಿ' ಎಂದು ಯಾರಾದರೂ ಕೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. "ಆರರಿಂದ ಶುರು, ನಾಲ್ಕು ಏರಿಕೆ ಅಂದ್ರೆ ಹನ್ನೆರಡನೇ ದಿನ ಐವತ್ತು. ಏರಿಸೋದು ಹನ್ನೊಂದೇ ಸಲ, ಹನ್ನೆರಡು ಸಲ ಅಲ್ಲ. ಮೊದಲನೇ ದಿನ ಏನೂ ಏರಿಸಿರಲ್ಲವಲ್ಲ! ಹೊಸದಾಗಿ ಬರೋರೆಲ್ಲ ಎಡವೋದು ಅಲ್ಲೇ."

ಓದಿದ್ದು ಏಳನೇ ಕ್ಲಾಸು. ಈ ಲೆಕ್ಕವನ್ನು ಯಾವ ಶಾಲೆಯೂ ಕಲಿಸಲಿಲ್ಲ ಎನ್ನುತ್ತಾರೆ. ಕಲಿಸಿದ್ದು ಯಾರು ಎಂದರೆ, "ನಮ್ಮಮ್ಮ ಬಿದ್ದಾಗ ನನಗೆ ಹತ್ತೊಂಬತ್ತು," ಎಂದು ಶುರುಮಾಡುತ್ತಾರೆ.

ತಾಯಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ 'ಚೆನ್ನಾಗಿ ನಡೆಸಿ' ಎಂದರು, ಎಷ್ಟು ಎಂದು ಯಾರೂ ಹೇಳಲಿಲ್ಲ. ಮಗಳಿಗೆ ಅವಸರ. ಮೊದಲ ದಿನವೇ ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹೊಸಿಲಿಗೆ, ಹೊಸಿಲಿನಿಂದ ಮತ್ತೆ ಮಂಚಕ್ಕೆ ಕೈಹಿಡಿದು ನಡೆಸಿದಳು. ತಾಯಿಯೂ ಮಗಳ ಖುಷಿ ನೋಡಿ ಇಲ್ಲವೆನ್ನಲಿಲ್ಲ. ಸಂಜೆ ಹೊತ್ತಿಗೆ ಕಾಲು ಬಾತು ಕಂಬದಂತಾಯಿತು. ಮೂರನೇ ದಿನ ಎದ್ದು ನಿಲ್ಲಲು ಹೋಗಿ ಮತ್ತೆ ಬಿದ್ದರು. ಆಮೇಲೆ ಎರಡು ವರ್ಷ ಬದುಕಿದ್ದರು, ಆದರೆ ಜಪ್ಪಯ್ಯ ಅಂದರೂ ನೆಲಕ್ಕೆ ಕಾಲಿಡಲಿಲ್ಲ.

"ಅಮ್ಮ ಒಂದು ದಿನಾನೂ ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಇನ್ನಾಲ್ಕಕ್ಕ.

ಕೆಲವು ವರ್ಷಗಳ ನಂತರ ಇದೇ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಗಂಡನೂ ಇಲ್ಲೇ ಲಾಂಡ್ರಿಯಲ್ಲಿದ್ದರು. ಒರೆಸುತ್ತ ಒರೆಸುತ್ತ ಕಲ್ಲು ಎಣಿಸುವ ಚಾಳಿ ಹತ್ತಿತು. ಗಂಡಸರ ವಾರ್ಡಿನ ಹೊಸಿಲಿನಿಂದ ಹೆಂಗಸರ ವಾರ್ಡಿನ ಹೊಸಿಲಿಗೆ ಸರಿಯಾಗಿ ಎಂಬತ್ತೊಂದು, ಒಂದೊಂದೂ ಒಂದಡಿ. ಯಾರು ಒಂದು ದಿನ ಎಷ್ಟನೇ ಕಲ್ಲಿಗೆ ಬಂದರು, ಮರುದಿನ ಎಷ್ಟಕ್ಕೆ ಬಂದರು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಒಂದು ದಿನ ಹಾರಿ, ಮರುದಿನ ಮಲಗಿ, ಮತ್ತೆ ಹಾರಿದವರು ಹಿಂದೆ ಬಿದ್ದರು. ದಿನಾ ಒಂದೇ ಅಳತೆ ಏರಿಸಿದವರು ಬೇಗ ಮನೆಗೆ ಹೋದರು. ಇದನ್ನು ಆಗಿನ ಮೇಡಂ ಮುಂದೆ ಹೆದರುತ್ತಲೇ ಹೇಳಿದಾಗ, ಅವರು ನಗದೆ, ಪೊರಕೆ ತೆಗೆದಿರಿಸಿ ವಾಕರ್ ಕೈಗೆ ಕೊಟ್ಟರು.

ಆಕೆಗೆ ಹೆಸರು ತಂದ ಇನ್ನೊಂದು ಲೆಕ್ಕವಿದೆ. ಡಿಸ್ಚಾರ್ಜ್ ಆಗುವ ದಿನ ಪ್ರತಿಯೊಬ್ಬರಿಗೂ ಅವರು ಇಲ್ಲಿ ಒಟ್ಟು ಎಷ್ಟು ಕಲ್ಲು ನಡೆದರೆಂದು ಹೇಳಿ ಕಳಿಸುವುದು. ಮೊದಮೊದಲು ಒಂದೊಂದನ್ನೇ ಕೂಡಿಸುತ್ತಿದ್ದರು, ತಪ್ಪುತ್ತಿತ್ತು. ಒಮ್ಮೆ ಅಂಕಿಗಳನ್ನೆಲ್ಲ ಒಂದು ಕಾಗದದ ಪಟ್ಟಿಯಲ್ಲಿ ಸಾಲಾಗಿ ಬರೆದು, ಬೇಸರ ಬಂದು ಪಟ್ಟಿಯನ್ನು ನಡುವೆ ಮಡಚಿದರು. ಮೊದಲ ದಿನದ ಮೇಲೆ ಕೊನೆಯ ದಿನ ಬಂದು ಕೂತಿತು, ಎರಡನೆಯದರ ಮೇಲೆ ಕೊನೆಯಿಂದ ಎರಡನೆಯದು. "ಯಾವ ಜೋಡಿ ಕೂಡಿಸಿದ್ರೂ ಒಂದೇ ಬರ್ತಿತ್ತು ರೀ! ಒಬ್ಬಳೇ ನಕ್ಕುಬಿಟ್ಟೆ. ಆಮೇಲೆ ಸುಲಭ. ಮೊದಲನೇದೂ ಕೊನೇದೂ ಕೂಡಿಸಿ ಅರ್ಧ ಮಾಡಿದ್ರೆ ನಡುವಿನ ದಿನದ್ದು ಸಿಗತ್ತೆ. ಅದನ್ನ ದಿನದಿಂದ ಗುಣಿಸಿದ್ರೆ ಮುಗೀತು."

ಕಳೆದ ವರ್ಷದ ಒಂದು ಜೋಡಿಯ ಕತೆಯನ್ನು ವಾರ್ಡಿನವರು ಇನ್ನೂ ಮರೆತಿಲ್ಲ.

ಗಂಡ ಬಸ್ ಡ್ರೈವರ್, ಹೆಂಡತಿ ಟೈಲರ್. ಸ್ಕೂಟರಿನಿಂದ ಇಬ್ಬರೂ ಒಟ್ಟಿಗೇ ಬಿದ್ದಿದ್ದರು. ಇಬ್ಬರಿಗೂ ಕಾಲಿನ ಆಪರೇಷನ್. ಆತ ಕಾರಿಡಾರಿನ ಈ ತುದಿಯ ವಾರ್ಡಿನಲ್ಲಿ, ಆಕೆ ಆ ತುದಿಯ ವಾರ್ಡಿನಲ್ಲಿ. ಒಂದು ಸಲ ಆತನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹೆಂಡತಿಯ ಬಳಿ ಕರೆದೊಯ್ದಿದ್ದರು. ಬಸ್ಸಿನ ಸ್ಟೇರಿಂಗ್ ಹಿಡಿಯುತ್ತಿದ್ದ ಗಂಡ ಕುರ್ಚಿಯಲ್ಲಿ ಮುದುಡಿ ಕೂತಿದ್ದನ್ನು ಕಂಡು ಆಕೆ ಬಿಕ್ಕಿ ಬಿಕ್ಕಿ ಅತ್ತಳು. ಆತ ಅಲ್ಲಿಂದ ಬಂದವನೇ, "ಇನ್ನು ಅವಳ ಮುಂದೆ ಹೋದ್ರೆ ನಡ್ಕೊಂಡೇ ಹೋಗೋದು," ಎಂದು ಹಟ ಹಿಡಿದ.

ಮೇಡಂ ಆತನಿಗೆ ಆರು ಕಲ್ಲಿನಿಂದ ಶುರು, ನಾಲ್ಕು ಏರಿಕೆ ಎಂದರು. ಆಕೆಗೆ ಮೂರರಿಂದ ಶುರು, ಎರಡು ಏರಿಕೆ. ಇಬ್ಬರ ಮೊದಲ ದಿನವೂ ಒಂದೇ. ಇನ್ನಾಲ್ಕಕ್ಕ ನಿಂತಲ್ಲೇ ಲೆಕ್ಕ ಹಾಕಿದರು. ಮೊದಲ ದಿನ ಇಬ್ಬರದೂ ಸೇರಿ ಒಂಬತ್ತು, ಆಮೇಲೆ ದಿನಕ್ಕೆ ಆರು ಏರುತ್ತದೆ. "ಅಣ್ಣ, ನೀವೊಬ್ಬರೇ ಯಾಕೆ ಹೋಗಬೇಕು? ಅವರೂ ಬರ್ತಾರೆ. ಹದಿಮೂರನೇ ದಿನ ನೀವು ಐವತ್ತನಾಲ್ಕನೇ ಕಲ್ಲಲ್ಲಿ, ಅವರು ಆ ಕಡೆಯಿಂದ ಇಪ್ಪತ್ತೇಳನೇ ಕಲ್ಲಲ್ಲಿ. ಎಂಬತ್ತೊಂದು ಮುಗೀತು. ಎದುರುಬದುರು."

ಐದು ದಿನ ಸರಾಗವಾಗಿ ನಡೆಯಿತು. ಆರನೇ ದಿನ ಭಾನುವಾರ, ಇನ್ನಾಲ್ಕಕ್ಕನ ರಜೆ. ಅಂದು ಆತ ಇಪ್ಪತ್ತಾರು ಕಲ್ಲು ನಡೆಯಬೇಕಿತ್ತು. ಬದಲಿಗೆ ಬಂದಿದ್ದ ಆಯಾಗೆ "ಅಕ್ಕನೇ ಹೇಳಿದ್ದಾರೆ" ಎಂದು ಸುಳ್ಳು ಹೇಳಿ ಹೆಂಡತಿಯ ವಾರ್ಡಿನವರೆಗೂ ಹೋಗಿಬಿಡಲು ಹೊರಟ. ಐವತ್ತನೇ ಕಲ್ಲಿನಲ್ಲಿ ಮಂಡಿ ಕೈಕೊಟ್ಟಿತು. ಪುಣ್ಯಕ್ಕೆ ಹಿಂದೆ ಕುರ್ಚಿ ಇತ್ತು.

ಸೋಮವಾರ ಬೆಳಿಗ್ಗೆ ಇನ್ನಾಲ್ಕಕ್ಕ ಆತನ ಬಾತ ಕಾಲನ್ನು ನೋಡಿದರು. "ಅದೇ ಬಾವು. ಅಮ್ಮನ ಕಾಲೇ ಕಣ್ಣ ಮುಂದೆ ಬಂತು. ಬೈಯಕ್ಕೂ ಬಾಯಿ ಬರಲಿಲ್ಲ." ಬದಲಿ ಆಯಾ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳನ್ನು ಕರೆದು, "ನಿನ್ನ ತಪ್ಪಿಲ್ಲ ಬಿಡು. ಇನ್ಮೇಲೆ ನನ್ನ ನೋಟ್‌ಬುಕ್ ನಿನ್ನ ಹತ್ರ ಬಿಟ್ಟೇ ರಜಾ ಹಾಕ್ತೀನಿ," ಎಂದರು.

ಸುದ್ದಿ ಆ ತುದಿಗೂ ಮುಟ್ಟಿತು. ಟೈಲರ್ ಹೆಂಡತಿ ಹೊದಿಕೆ ಎಳೆದುಕೊಂಡು ಗೋಡೆಗೆ ಮುಖ ಮಾಡಿದಳು. "ಅವರೇ ಬರಲ್ಲ ಅಂದ ಮೇಲೆ ನಾನ್ಯಾಕೆ ನಡೀಲಿ?"

ಇನ್ನಾಲ್ಕಕ್ಕ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. "ಬರಲ್ಲ ಅಂತ ಯಾರಂದ್ರು? ತಡವಾಗತ್ತೆ ಅಷ್ಟೆ. ಎಷ್ಟು ತಡ ಅನ್ನೋದು ಮೇಡಂ ನೋಡಿ ಹೇಳ್ತಾರೆ. ಆದ್ರೆ ನೀವೂ ಮಲಗಿದ್ರೆ ಅದು ಇನ್ನೂ ಮುಂದಕ್ಕೆ ಹೋಗತ್ತೆ. ಇವತ್ತು ಹದಿನೈದು ಕಲ್ಲು. ಬೆಳಿಗ್ಗೆ ಬೇಡ ಅಂದ್ರೆ ಸಂಜೆ ಬರ್ತೀನಿ." ಆಕೆ ಸಂಜೆ ಎದ್ದಳು. ಹದಿನೈದೂ ಕಲ್ಲು ನಡೆದಳು.

ಡ್ರೈವರ್ ಎರಡು ದಿನ ಪೂರ್ತಿ ಮಲಗಿದ. ಒಂಬತ್ತನೇ ದಿನ ಮೇಡಂ ಕಾಲು ಪರೀಕ್ಷಿಸಿ, ಮತ್ತೆ ಹದಿನಾಲ್ಕು ಕಲ್ಲಿನಿಂದ ಶುರುಮಾಡಿ ಎಂದರು. ಆತ ಇನ್ನಾಲ್ಕಕ್ಕನ ಕೈಹಿಡಿದು ಅಂಗಲಾಚಿದ: "ಹೇಗಾದ್ರೂ ಮಾಡಿ ಹದಿಮೂರನೇ ದಿನಕ್ಕೇ ಮುಟ್ಟಿಸಿ ಅಕ್ಕ."

"ಇವತ್ತು ಹದಿನಾಲ್ಕು. ಹದಿಮೂರನೇ ದಿನ ಐವತ್ತನಾಲ್ಕು ಆಗಬೇಕು. ನಡುವೆ ಮೂರೇ ದಿನ. ಇಪ್ಪತ್ತನಾಲ್ಕು, ಮೂವತ್ತನಾಲ್ಕು, ನಲವತ್ತನಾಲ್ಕು. ಅಂದ್ರೆ ದಿನಕ್ಕೆ ಹತ್ತು ಏರಿಸಬೇಕು. ಲೆಕ್ಕಕ್ಕೆ ಸರಿಹೋಗತ್ತೆ ಅಣ್ಣ, ಕಾಲಿಗೆ ಸರಿಹೋಗಲ್ಲ."

"ಮತ್ತೆ?"

"ದಿನಾ ನಾಲ್ಕೇ. ಹದಿಮೂರನೇ ದಿನ ನಿಮ್ಮದು ಮೂವತ್ತು, ಅವರದು ಇಪ್ಪತ್ತೇಳು. ಇಪ್ಪತ್ತನಾಲ್ಕು ಕಲ್ಲು ಉಳಿಯತ್ತೆ. ಇಬ್ಬರೂ ಸೇರಿ ದಿನಕ್ಕೆ ಆರು. ಇನ್ನು ನಾಲ್ಕು ದಿನ. ಹದಿನೇಳಕ್ಕೆ ಸಿಗ್ತೀರಿ."

"ಇನ್ನು ನಾಲ್ಕು ದಿನಾನಾ!" ಎಂದು ಆತ ಹಣೆ ಚಚ್ಚಿಕೊಂಡಿದ್ದನ್ನು ನೆನೆದು ಇನ್ನಾಲ್ಕಕ್ಕ ಈಗಲೂ ನಗುತ್ತಾರೆ.

ಹದಿನೇಳನೇ ದಿನ ಬೆಳಿಗ್ಗೆ ಆತನ ಹಿಂದೆ ಇನ್ನಾಲ್ಕಕ್ಕ, ಆಕೆಯ ಹಿಂದೆ ಅದೇ ಬದಲಿ ಆಯಾ. ವಾರ್ಡಿನ ಬಾಗಿಲುಗಳಲ್ಲಿ ಊರುಗೋಲು ಹಿಡಿದವರೆಲ್ಲ ಜಮಾಯಿಸಿದ್ದರು. ಯಾರೂ ಚಪ್ಪಾಳೆ ತಟ್ಟಬಾರದು, ಕಾಲಿನ ಮೇಲಿನ ಗಮನ ತಪ್ಪುತ್ತದೆ ಎಂದು ಮೊದಲೇ ತಾಕೀತಾಗಿತ್ತು. ಈ ಕಡೆಯಿಂದ ನಲವತ್ತಾರು, ಆ ಕಡೆಯಿಂದ ಮೂವತ್ತೈದು. ಎರಡು ವಾಕರ್‌ಗಳ ಕಂಬಿಗಳು ಟಿಕ್ಕೆಂದು ತಾಗಿದವು.

ಹೆಂಡತಿ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಶರ್ಟಿನ ಗುಂಡಿ ಮೇಲೆಕೆಳಗೆ ಹಾಕ್ಕೊಂಡಿದ್ದೀರಿ."

"ನೀನೇ ಸರಿಮಾಡು."

"ಕೈ ಬಿಟ್ರೆ ಬೀಳ್ತೀನಿ."

"ನಾನೂ ಅಷ್ಟೆ."

ಇಬ್ಬರೂ ನಗತೊಡಗಿದರು. ಆಗ ನೀವೇನು ಮಾಡುತ್ತಿದ್ದಿರಿ ಎಂದರೆ ಇನ್ನಾಲ್ಕಕ್ಕ ಮುಖ ತಿರುಗಿಸುತ್ತಾರೆ. "ನಾನಾ? ಗೋಡೆ ಕಡೆ ತಿರುಗಿ ಸೀಮೆಸುಣ್ಣ ಹುಡುಕ್ತಿದ್ದೆ. ಜೇಬಲ್ಲೇ ಇತ್ತು."

ಮರುದಿನ ಇಬ್ಬರಿಗೂ ಡಿಸ್ಚಾರ್ಜ್. ಹೆಂಡತಿಯ ಮೊತ್ತ ಹೇಳುವುದು ಸುಲಭವಿತ್ತು: ಮೊದಲ ದಿನ ಮೂರು, ಕೊನೆಯ ದಿನ ಮೂವತ್ತೈದು, ನಡುವಿನದು ಹತ್ತೊಂಬತ್ತು, ಹದಿನೇಳು ದಿನಕ್ಕೆ ಮುನ್ನೂರ ಇಪ್ಪತ್ಮೂರು. ಗಂಡನದು ಎರಡು ತುಂಡು. ಮೊದಲ ಐದು ದಿನ ಎಪ್ಪತ್ತು, ಕೊನೆಯ ಒಂಬತ್ತು ದಿನ ಇನ್ನೂರ ಎಪ್ಪತ್ತು, ಒಟ್ಟು ಮುನ್ನೂರ ನಲವತ್ತು.

"ಭಾನುವಾರದ ಐವತ್ತು?" ಎಂದ ಡ್ರೈವರ್.

"ಅದು ನಡಿಗೆ ಅಲ್ಲ ಅಣ್ಣ, ಹಟ. ಅದನ್ನ ಸೇರಿಸಲ್ಲ."

"ಅಷ್ಟೆಲ್ಲ ಹಾರಾಡಿ ನನಗಿಂತ ಹದಿನೇಳೇ ಕಲ್ಲು ಹೆಚ್ಚಾ!" ಎಂದು ಹೆಂಡತಿ ಕಾರು ಹತ್ತುವವರೆಗೂ ಕಾಲೆಳೆದಳಂತೆ.

ಇನ್ನಾಲ್ಕಕ್ಕನಿಗೆ ಈಗ ಐವತ್ತಮೂರು. ದಿನವಿಡೀ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳುತ್ತದೆ. ಮಂಡಿಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಬರುತ್ತಾರೆ. ಹುದ್ದೆಯ ಪಟ್ಟಿಯಲ್ಲಿ ಇಂದಿಗೂ ಅವರು 'ಆಯಾ, ಎರಡನೇ ದರ್ಜೆ'. ಅದರ ಬಗ್ಗೆ ಕೇಳಿದರೆ ಕೈಯಾಡಿಸಿಬಿಡುತ್ತಾರೆ. ಆಕೆಯ ಚಿಂತೆಯೇ ಬೇರೆ.

ಮುಂದಿನ ತಿಂಗಳು ಈ ಕಾರಿಡಾರಿನ ನೆಲ ಬದಲಾಗಲಿದೆ. ಮೊನ್ನೆ ಎಂಜಿನಿಯರ್ ಬಂದು ಹೊಸ ನೆಲಹಾಸಿನ ತುಂಡು ತೋರಿಸಿದರು. ತುದಿಯಿಂದ ತುದಿಗೆ ಒಂದೇ ಹಾಳೆ, ಜೋಡಣೆಯ ಗೆರೆಯೇ ಇಲ್ಲ, ಜಾರುವುದೂ ಇಲ್ಲ. ಇನ್ನಾಲ್ಕಕ್ಕ ಅದನ್ನು ಮುಟ್ಟಿ ನೋಡಿದರು, ಒದ್ದೆ ಮಾಡಿ ಅಂಗೈ ಉಜ್ಜಿ ನೋಡಿದರು, ಒಪ್ಪಿಕೊಂಡರು. ಆಮೇಲೆ ಎಂಜಿನಿಯರ್ ಹೊರಡುವ ಮುಂಚೆ ಹಿಂದೆಯೇ ಹೋಗಿ, ಅಡಿಗೊಂದರಂತೆ ಅಡ್ಡಗೆರೆ ಹಾಕಿಕೊಡಿ ಎಂದು ಕೇಳಿದರು. ಅಂದ ಕೆಡುತ್ತದಲ್ಲ ಎಂದು ಆತ ಅನುಮಾನಿಸಿದಾಗ ಬಿಡಲಿಲ್ಲ.

"ಎಷ್ಟು ನಡೆದ್ರಿ ಅಂತ ನಾನು ಹೇಳಿದ್ರೆ ನಂಬ್ತಾರೆ ಸಾರ್, ಅದು ಬೇರೆ ಮಾತು," ಎಂದರು. "ಆದ್ರೆ ನಿನ್ನೆಗಿಂತ ಮುಂದೆ ಬಂದಿದ್ದೀನಿ ಅನ್ನೋದನ್ನ ಅವರು ತಮ್ಮ ಕಣ್ಣಲ್ಲೇ ನೋಡ್ಕೋಬೇಕು."