ಮಗಳ ಕೋಟೆಗೆ ನಾವು ಹಾಕಿದ ಮುತ್ತಿಗೆ

ನಮ್ಮ ಮನೆಯಲ್ಲಿ ಸಾರು ಮುಗಿದು ಮೊಸರು ಬರುವ ಹೊತ್ತಿಗೆ ಭಾಷೆ ಬದಲಾದರೆ, ಮಕ್ಕಳ ಕಿವಿಗೆ ಬೀಳಬಾರದ ಮಾತು ಬಂತೆಂದೇ ಅರ್ಥ. ತಮಿಳುನಾಡಿನ ಗಡಿಯೂರಾದ ಹೊಸೂರಿನ ಅನೇಕ ಮನೆಗಳ ಹಾಗೆ ನಮ್ಮಲ್ಲೂ ಮಾತಿಗೆ ಕನ್ನಡ, ಶಾಲೆಗೆ ತಮಿಳು, ಗುಟ್ಟಿಗೆ ತೆಲುಗು.

ಈಚಿನ ಗುಟ್ಟೆಂದರೆ, ಏಳನೇ ತರಗತಿಯ ನಮ್ಮ ಒಬ್ಬಳೇ ಮಗಳು ಚಾರುವನ್ನು ಕೃಷ್ಣಗಿರಿಯ ಹಾಸ್ಟೆಲಿಗೆ ಸೇರಿಸುವುದು. ಮುಖ್ಯ ಕಾರಣ ಅವಳ ಕಾದಂಬರಿಯ ಹುಚ್ಚು. ಇಟ್ಟಿಗೆಯಂಥ ಪುಸ್ತಕ, ಅದರೊಳಗೆ ಮಾಯದ ಕೋಟೆ, ಹೊರಗೆ ಮುತ್ತಿಗೆ ಹಾಕಿದ ರಾಕ್ಷಸರು, ಒಳಗೆ ಉಪಾಯಗಾತಿ ಹುಡುಗಿಯೊಬ್ಬಳು, ಪುಟಕ್ಕೊಂದು ಸಲ ನಮ್ಮವಳ ಕಿಸಕ್ಕನೆ ನಗು. ಮೇಷ್ಟ್ರಾದ ನನಗೆ ಆ ನಗುವನ್ನೇ ಸಹಿಸಲಾಗದು. ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲು ಮಕ್ಕಳು ಇಂಥವನ್ನು ಓದುತ್ತಾರೆಂದು ಸ್ಟಾಫ್ ರೂಮಿನಲ್ಲಿ ಭಾಷಣವನ್ನೇ ಬಿಗಿದಿದ್ದೆ.

ಆಮೇಲೆ ವಿಚಿತ್ರಗಳು ಶುರುವಾದವು. ಬೇಗ ಏಳುವುದಿಲ್ಲವೆಂದು ನಾವು ತೆಲುಗಿನಲ್ಲಿ ದೂರಿದ ಮರುದಿನ ಅವಳು ಐದಕ್ಕೇ ಎದ್ದು ಕೂತಳು. ಹಾಗಲಕಾಯಿ ಮುಟ್ಟುವುದಿಲ್ಲವೆಂದು ಗೊಣಗಿದರೆ, ಮರುದಿನ ಎರಡನೇ ಸಲ ಹಾಕಿಸಿಕೊಂಡು ತಿಂದಳು. ಎಲ್ಲವೂ ನಮ್ಮ ಶಿಸ್ತಿನ ಫಲವೆಂದು ನಾನೂ ನನ್ನ ಹೆಂಡತಿಯೂ ಬೀಗಿದೆವು. ಇನ್ನುಳಿದದ್ದು ಪುಸ್ತಕದ ಹುಚ್ಚೊಂದೇ ಎಂದು, ತೆಲುಗಿನಲ್ಲೇ, ತೀರ್ಮಾನಿಸಿದೆವು. ಮರುದಿನ ಅವಳು ಪುಸ್ತಕವನ್ನೇ ತಂದು ನನ್ನ ಕೈಗಿಟ್ಟಳು.

"ಅಪ್ಪಾ, ಇದ್ನ ನೀನೇ ಬೀರುನಲ್ಲಿಟ್ಟು ಬೀಗ ಹಾಕ್ಬುಡು. ನಾನಿನ್ನು ಓದಲ್ಲ."

ಭಾನುವಾರ ಮಧ್ಯಾಹ್ನ, ಅಂಥದ್ದೇನಿದೆ ನೋಡೋಣವೆಂದು ನಾನೇ ಬೀಗ ತೆಗೆದು ಕದ್ದು ಓದತೊಡಗಿದೆ. ಆ ಉಪಾಯಗಾತಿ ಶತ್ರುಗಳ ಮಾತಿಗೆ ಕಿವಿಗೊಡುತ್ತಾಳೆ, ಅವರ ಒಂದೊಂದು ನೆಪವನ್ನೂ ಕಸಿದುಕೊಳ್ಳುತ್ತಾಳೆ, ಹೆದರಿದ್ದು ತೋರದಿರಲೆಂದು ನಗುತ್ತಲೇ ಇರುತ್ತಾಳೆ. ಆ ಹಾಳೆಯ ಮೂಲೆ ಮಡಿಸಿ ಪುಸ್ತಕ ಮುಚ್ಚಿದೆ. ರಾಕ್ಷಸ ಯಾರೆಂದು ಬಿಡಿಸಿ ಹೇಳಬೇಕೆ? ಎಲ್ಲವನ್ನೂ ದೊಡ್ಡವರೇ ತೀರ್ಮಾನಿಸುವ ಲೋಕದಲ್ಲಿ, ನೀವೇ ಹೇಳಿ, ಸೈನ್ಯವಿಲ್ಲದ ಮಕ್ಕಳಿಗೆ ಉಪಾಯ ಮತ್ತು ನಗು ಬಿಟ್ಟರೆ ಬೇರೇನಿದೆ? ಈ ಪುಸ್ತಕಗಳು ಅವರ ಗರಡಿಮನೆ. ನಾನು ಅದಕ್ಕೇ ಬೀಗ ಜಡಿದಿದ್ದೆ.

ಅವಳನ್ನು ಕರೆದು ಕೇಳಿದೆ: "ನಿಂಗೆ ತೆಲುಗು ಬತ್ತದೇನೇ?"

"ಒಂದ್ನೇ ಕ್ಲಾಸಿಂದ ಬತ್ತದೆ," ಎಂದಳು. ಮುಖದಲ್ಲಿ ನಗುವಿರಲಿಲ್ಲ. "ಹಾಸ್ಟೆಲ್‌ಗೆ ಕಳಿಸ್ಬೇಡಪ್ಪ."

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಹಾಸ್ಟೆಲಿನ ಅರ್ಜಿಯನ್ನು ಅವಳೆದುರೇ ಹರಿದು, ಪುಸ್ತಕವನ್ನು ಹಿಂದಕ್ಕೆ ಕೊಟ್ಟೆ. ಅವಳು ಕಣ್ಣೊರೆಸಿಕೊಂಡು, ನಾನು ಗುರುತಿಗೆಂದು ಮಡಿಸಿದ್ದ ಹಾಳೆಯನ್ನು ಮೊದಲು ಹುಡುಕಿದಳು.

"ನೂರಿಪ್ಪತ್ತನೇ ಪುಟಕ್ಕೆ ಗೊತ್ತಾಯ್ತಾ? ನಾನು ಮೂವತ್ತಕ್ಕೇ ಗೊತ್ತಾಗ್ಬುಡ್ತದೆ ಅಂದ್ಕೊಂಡಿದ್ದೆ."