ಸಡಿಲ ಬಿಟ್ಟ ಸುತ್ತು

ಬೆಳಿಗ್ಗೆ ಅಂಗಳ ಗುಡಿಸಿದೆ, ನಳದ ನೀರು ತುಂಬಿದೆ, ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ, ಅರಿವೆ ಒಗೆದೆ. ಒಣ ಹಾಕುವ ಹಗ್ಗ ಜೋತುಬಿದ್ದಿತ್ತು, ಎಳೆದು ಕಟ್ಟುತ್ತಿದ್ದೆ. ಕೆಲಸಕ್ಕೆ ಹೊರಟಿದ್ದ ನಾದಿನಿ ಗಂಗವ್ವ ನಿಂತು, "ಸ್ವಲ್ಪ ಸಡ್ಲ ಬಿಡ್ರಿ ವೈನಿ," ಎಂದಳು. ನನಗೆ ನಗು ಬಂತು. ಆ ಮಾತು ಬಾಯಿಗೆ ಬರಲು ಅವಳು ಎಷ್ಟು ಪಾಡು ಪಟ್ಟಿದ್ದಳೆಂದು ನಿಮಗೇನು ಗೊತ್ತು?

ನಮ್ಮದು ಬೆಟಗೇರಿಯ ಮಗ್ಗದ ಮನೆ. ಮಗ್ಗ ನಿಂತ ಮೇಲೆ ಗಂಗವ್ವ ಗದಗಿನ ಹೊರಗಿನ ಕೇಬಲ್ ಶೆಡ್ಡಿಗೆ ಸೇರಿದಳು. ಅಲ್ಲಿ ಮಾಡುವುದು ಬೇರೆ ನಮೂನೆಯ ಕೇಬಲ್. ವಿಪರೀತ ತಣ್ಣಗಿಟ್ಟರೆ ಕರೆಂಟು ದಾರಿಯಲ್ಲಿ ಪೋಲಾಗದೆ ಹರಿಯುತ್ತದಂತೆ. ರಿಬ್ಬನ್ನಿನಷ್ಟು ತೆಳ್ಳನೆಯ ಪಟ್ಟಿಯನ್ನು ತಾಮ್ರದ ಕೊಳವೆಯ ಮೇಲೆ ಓರೆಯಾಗಿ ಸುತ್ತಬೇಕು. ಪರೀಕ್ಷೆಯ ತುಂಡನ್ನು ಕೈಯಿಂದಲೇ ಸುತ್ತುತ್ತಾರೆ. ಅವಳು ಸುತ್ತಿದ್ದು ಪಾಸಾದರೆ ಕೆಲಸ ಕಾಯಂ, ಇಲ್ಲವಾದರೆ ಮನೆ.

ಮೊದಲ ತುಂಡಿನ ಪರೀಕ್ಷೆಯ ದಿನ ಬುತ್ತಿ ಒಯ್ದವಳು ಅಲ್ಲೇ ನಿಂತೆ. ದನದ ಡಾಕ್ಟರರ ಕ್ಯಾನಿನಲ್ಲಿ ಹೊಗೆಯಾಡುತ್ತದಲ್ಲ, ಆ ದ್ರವ ನೈಟ್ರೋಜನ್ನಿನಲ್ಲೇ ಕೇಬಲ್ಲನ್ನು ಮುಳುಗಿಸಿ ಕರೆಂಟು ಬಿಟ್ಟರು. ಪೋಲಾಗುವುದನ್ನು ತೋರಿಸುವ ಮೀಟರು ಸೊನ್ನೆಯಲ್ಲೇ ಇರಬೇಕಿತ್ತು, ಅಂಕಿ ಏರತೊಡಗಿತು. ಏರುವುದು ಒಳ್ಳೆಯದೆಂದುಕೊಂಡು ನಾನೊಬ್ಬಳೇ ಚಪ್ಪಾಳೆ ತಟ್ಟಿದೆ.

ಮುಂಡರಗಿ ಕಡೆಯ ಇಂಜಿನಿಯರ್ ಹುಡುಗಿ ಪಟ್ಟಿ ಬಿಚ್ಚಿ ನೋಡಿದಳು. "ಗಂಗಕ್ಕಾ, ಥಂಡಿಗೆ ಇದು ಕುಗ್ಗತೈತಿ. ನೀವು ಮದ್ಲ ಜಗ್ಗಿ ಬಿಗದೀರಿ. ಕುಗ್ಗಾಕ ಜಾಗಾ ಸಿಗದ ಒಳಗ ಬಿರುಕು ಬಿಟ್ಟೈತಿ."

"ಮಗ್ಗದಾಗ ನೂಲು ಸಡ್ಲ ಸುತ್ತಿದ್ರ ನಮ್ಮಪ್ಪ ಕೈಮ್ಯಾಲ ಬಾರಿಸ್ತಿದ್ದ್ರಿ."

"ಇನ್ನೊಂದ ಅವಕಾಶ ಐತಿ, ಮತ್ತೊಂದು ತುಂಡು ಸುತ್ರಿ. ಈ ಸಲ ಅಪ್ಪನ್ನ ಮನ್ಯಾಗ ಬಿಟ್ಟು ಬರ್ರಿ."

ಮನೆಯಲ್ಲಿ ರೂಢಿಗೆಂದು ನನ್ನ ಲಂಗದ ಲಾಡಿ, ಲಟ್ಟಣಿಗೆ ಎರಡೂ ಅವಳ ಪಾಲಾದವು. ಸುತ್ತುತ್ತಾ ಹೋದಂತೆ ಕೈ ತಾನಾಗಿ ಬಿಗಿಯುತ್ತಿತ್ತು.

"ಮತ್ತ ಬಿಗಿ ಆತು ನೋಡು," ಎನ್ನುತ್ತಿದ್ದೆ.

"ಗೊತ್ತೈತ್ರಿ. ನೀವು ರೊಟ್ಟಿ ನೋಡ್ರಿ, ಸೀಯಾಕತ್ತೈತಿ."

ಹಾಸಿಗೆಯಲ್ಲೂ ಅವಳ ಬೆರಳು ಸೆರಗಿನ ತುದಿಯನ್ನು ಸುತ್ತುತ್ತಲೇ ಇರುತ್ತಿದ್ದವು. ಅವಳು ಯಾವಾಗ ನಿದ್ದೆ ಹೋಗುತ್ತಿದ್ದಳೋ, ನಾನಂತೂ ನೋಡಲಿಲ್ಲ.

ಎರಡನೆಯ ತುಂಡಿನ ದಿನ ಚಪ್ಪಾಳೆಗೆ ಕೈ ಎತ್ತದೆ ನಿಂತಿದ್ದೆ. ಸದ್ದಿಲ್ಲ, ಬೆಳಕಿಲ್ಲ. ಮೀಟರು ಸೊನ್ನೆಯಲ್ಲೇ ಕುಳಿತಿತ್ತು. "ಯಾವಾಗ ಚಾಲೂ ಮಾಡ್ತಾರ?" ಎಂದು ಪಿಸುಗುಟ್ಟಿದೆ.

"ಮುಗೀತ್ರಿ ವೈನಿ. ಏನೂ ಆಗಲಿಲ್ಲಲ್ಲ, ಅದ ಪಾಸು," ಎಂದವಳು ಅಲ್ಲೇ ನೆಲಕ್ಕೆ ಕುಳಿತುಬಿಟ್ಟಳು.

ಇವತ್ತು ಹಗ್ಗವನ್ನು ಅವಳು ಹೇಳಿದಂತೆಯೇ ಕಟ್ಟಿದೆ. ಹಸಿ ಸೀರೆಯ ಅಂಚು ನೆಲಕ್ಕೆ ತಾಗಿತು, ತಾಗಲಿ ಬಿಡಿ. ನಾಳೆ ಗಂಗವ್ವನ ಮೊದಲ ಉದ್ದನೆಯ ಕೇಬಲ್ಲಿನ ಪರೀಕ್ಷೆ. ರಾತ್ರಿ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಉಂಡೆವು. ಗಂಗವ್ವ ಮೊದಲು ಮಲಗಿದಳು, ಕೈ ಎರಡೂ ಸುಮ್ಮನಿದ್ದವು. ನಿದ್ದೆ ಹತ್ತದೆ ಹೊರಳಾಡಿದವಳು ನಾನು.